ವೇನ್ಯ ಇಂಗ್ಲಿಷಿನಲ್ಲಿ ಕೇಳುತ್ತಿದ್ದದ್ದು

ಅರ್ಖಾಂಗೆಲ್ಸ್ಕ್
ನವೆಂಬರ್ 9, 2011

ನನ್ನ ಪ್ರೀತಿಯ ತೋಸ್ಯಾ,

ನಿನ್ನ ಕಾಗದಗಳೆಲ್ಲ ಬಂದವು. ಜೊತೆಗೆ ನಿನ್ನ ಬೈಗುಳವೂ ಬಂತು. ವೊಲೊಗ್ದಾದಿಂದ ಇಲ್ಲಿಗೆ ಬರುವಷ್ಟರಲ್ಲಿ ಅಂಚೆಯವರು ಎಷ್ಟೋ ಸಾಮಾನು ಕಳೆದುಹಾಕುತ್ತಾರೆ, ಬೈಗುಳವನ್ನು ಮಾತ್ರ ಒಂದಕ್ಷರ ಸವೆಯದಂತೆ ತಲುಪಿಸಿದ್ದಾರೆ. ಬೇಸಿಗೆ ಕಳೆದು ನದಿ ಹೆಪ್ಪುಗಟ್ಟುವ ಕಾಲ ಬಂದರೂ ಒಂದು ಸಾಲು ಬರೆಯದ ನನ್ನನ್ನು ಸೋಮಾರಿ ಹಂದಿ ಎಂದಿದ್ದೀ. ಒಪ್ಪಿದೆ. ಆದರೆ ಹಂದಿ ಸುಮ್ಮನೆ ಬಿದ್ದಿರಲಿಲ್ಲ ಕಣೇ, ಇಂಗ್ಲಿಷ್ ಕಲಿಯುತ್ತಿತ್ತು.

ಫೋನು ಮಾಡಿ ತಿಳಿಸಬಹುದಿತ್ತು ಎನ್ನುತ್ತೀ. ನಿನ್ನ ಕಿವಿಯ ಸಮಾಚಾರ ನಿನಗೆ ಗೊತ್ತಿಲ್ಲದಿದ್ದರೆ ಕೇಳು. ಹೋದ ಸಲ ನಾನು ಉಪ್ಪಿಗೆ ಹಾಕಿದ ಅಣಬೆ ಕಳಿಸಿದ್ದೇನೆ ಎಂದು ಗಂಟಲು ಹರಿಯುವ ಹಾಗೆ ಕೂಗಿದರೆ ನೀನು, ಅಯ್ಯೋ ಪಾಪ, ಯಾವಾಗ ಮಣ್ಣು ಮಾಡಿದಿರಿ ಎಂದು ಕೇಳಿದೆ. ನಮ್ಮಿಬ್ಬರ ವ್ಯವಹಾರವೆಲ್ಲ ಇನ್ನು ಮುಂದೆ ಲಿಖಿತ ರೂಪದಲ್ಲಿಯೇ ನಡೆಯತಕ್ಕದ್ದು ಎಂದು ನಾನು ಅಂದೇ ಏಕಪಕ್ಷೀಯವಾಗಿ ಠರಾವು ಪಾಸು ಮಾಡಿದೆ.

ಇಲ್ಲಿ ಎಲ್ಲ ಕ್ಷೇಮ. ದ್ವಿನಾ ನದಿಯ ಅಂಚಿನಲ್ಲಿ ಐಸು ಕಟ್ಟುತ್ತಿದೆ. ಮನೆಗಳನ್ನು ಬೆಚ್ಚಗಿಡುವ ಕೊಳವೆಗೆ ಬಿಸಿನೀರು ಬಿಡುವುದನ್ನು ಈ ವರ್ಷವೂ ತಡಮಾಡಿದರು. ಅಲ್ಲಿಯ ತನಕ ನನ್ನ ವೇನ್ಯನ ಹಳೆಯ ಕೋಟು ತೊಟ್ಟುಕೊಂಡೇ ಸೂಪು ಮಾಡುತ್ತಿದ್ದೆ. ಅವನ ಅಕ್ಕ ಕ್ಲಾವ್ದಿಯಾ ಕೆಳಗಿನ ಮಹಡಿಯಲ್ಲಿ ಎಂದಿನಂತೆ ಸಾಯುತ್ತಿದ್ದಾಳೆ. ಬೆಳಿಗ್ಗೆ ಬಂದು ಇದೇ ನನ್ನ ಕೊನೆಯ ಚಳಿಗಾಲ ಎನ್ನುತ್ತಾಳೆ, ಸಾಯಂಕಾಲ ಹಿಟ್ಟಿನೊಳಗೆ ಮೀನು ತುಂಬಿ ಪಿರೋಗ್ ಮಾಡಿ ತಂದುಕೊಟ್ಟು, ಉಪ್ಪು ಸಾಲದು ಎಂದು ನಾನೇನಾದರೂ ಹೇಳಿದರೆ ಇನ್ನು ಇಪ್ಪತ್ತು ವರ್ಷ ಬದುಕುವವಳ ಹಾಗೆ ಜಗಳವಾಡುತ್ತಾಳೆ.

ಈಗ ಮುಖ್ಯ ವಿಷಯ. ವಾರಕ್ಕೆರಡು ಬೆಳಿಗ್ಗೆ ನಮ್ಮ ಬಡಾವಣೆಯ ಲೈಬ್ರರಿಯಲ್ಲಿ ಪಿಂಚಣಿದಾರರಿಗೆಂದು ನಡೆಯುವ 'ಇಂಗ್ಲಿಷ್: ಉನ್ನತ ಶಬ್ದಸಂಪತ್ತು' ಎಂಬ ವರ್ಗಕ್ಕೆ ನಾನು ದಾಖಲಾಗಿದ್ದೇನೆ. ನಗಬೇಡ. ನೀನೂ ನಾನೂ ಶಾಲೆಯಲ್ಲಿ ಕಲಿತದ್ದು ಜರ್ಮನ್, ಅದರಲ್ಲಿ ನನಗೆ ಉಳಿದಿರುವುದು 'ಕೈ ಮೇಲೆತ್ತು' ಎಂಬುದೊಂದೇ, ಅದೂ ಯುದ್ಧದ ಸಿನಿಮಾಗಳ ಕೃಪೆ. ಅಂಥವಳು ನೇರವಾಗಿ ಉನ್ನತ ಶಬ್ದಸಂಪತ್ತಿಗೆ ಹಾರಿದ್ದು ಹೇಗೆ ಎಂದು ಕೇಳುತ್ತೀ. ಆರಂಭವನ್ನು ಒಂದು ವರ್ಷ ಮನೆಯಲ್ಲಿ ಒಬ್ಬಳೇ ಕೂತು ಮುಗಿಸಿದೆ. ಮೇಜು, ಕುರ್ಚಿ, ಬೆಕ್ಕು, ಸೇಬು. ನನಗೆ ಬೇಕಾದದ್ದು ಬೆಕ್ಕು ಸೇಬುಗಳಲ್ಲಿ ಸಿಗಲಿಲ್ಲ. ಅದು ಉದ್ದುದ್ದ ಮಾತುಗಳಲ್ಲಿತ್ತು.

ವೇನ್ಯ ತೀರಿಕೊಂಡ ನಲವತ್ತನೆಯ ದಿನದ ಪ್ರಾರ್ಥನೆಗೆ ನೀನು ಬಂದಿದ್ದಾಗ, ಪಾತ್ರೆ ಒರೆಸುತ್ತ ನನ್ನನ್ನು ಒಂದು ಮಾತು ಕೇಳಿದ್ದೆ. ಕೊನೆಗೆ ಏನಾದರೂ ಹೇಳಿದನೇ ಎಂದು. ನಾನು ಇಲ್ಲ ಎಂದೆ. ಮಾತು ನಿಂತುಹೋಗಿತ್ತು ಎಂದೆ.

ಹೇಳಿದ, ತೋಸ್ಯಾ. ದಿನಾ ಹೇಳಿದ. ಇಂಗ್ಲಿಷಿನಲ್ಲಿ ಹೇಳಿದ.

ಅವನ ಇಂಗ್ಲಿಷಿನ ಹುಚ್ಚು ನಿನಗೆ ಗೊತ್ತಿದ್ದದ್ದೇ. ಮರದ ಮಿಲ್ಲಿನ ಗರಗಸ ಯಂತ್ರಗಳ ಇಂಜಿನಿಯರ್, ಜೇಬಿನ ತುಂಬ ಶಬ್ದದ ಚೀಟಿಗಳು, ಒಂದು ಕಡೆ ಇಂಗ್ಲಿಷ್, ಇನ್ನೊಂದು ಕಡೆ ರಷ್ಯನ್. ಬಸ್ಸಿನಲ್ಲಿ ಚೀಟಿ ತಿರುಗಿಸುತ್ತಿದ್ದ, ಬಾನ್ಯ ಸ್ನಾನಗೃಹದ ಹಬೆಯಲ್ಲಿ ಕೂತೂ ತಿರುಗಿಸುತ್ತಿದ್ದ. ಒಂದು ದಿನ ಮಿಲ್ಲಿನವರು ಹೊಸ ಗರಗಸ ಕೊಳ್ಳಲು ತನ್ನನ್ನು ಹೊರದೇಶಕ್ಕೆ ಕಳಿಸುತ್ತಾರೆ, ಆಗ ಬಾಯಿ ತೆರೆದರೆ ಉನ್ನತವಾದದ್ದೇ ಹೊರಬರಬೇಕು ಎಂದು ಅವನ ಆಸೆ. ಪ್ರತಿ ಸಲವೂ ಡೈರೆಕ್ಟರರ ಅಳಿಯ ಹೋಗಿಬಂದ. ಅವನಿಗೆ ಗರಗಸವೂ ಗೊತ್ತಿರಲಿಲ್ಲ, ಇಂಗ್ಲಿಷೂ ಗೊತ್ತಿರಲಿಲ್ಲ, ಹಾಗಾಗಿ ಎರಡೂ ದೇಶಗಳ ನಡುವೆ ಸ್ನೇಹ ಚೆನ್ನಾಗಿತ್ತು. ನಮ್ಮ ವೇನ್ಯ ಮುರ್ಮಾನ್ಸ್ಕ್ ದಾಟಲಿಲ್ಲ.

ಪಾರ್ಶ್ವವಾಯು ಹೊಡೆದಾಗ ಅವನ ರಷ್ಯನ್ ಪೂರ್ತಿ ಹೋಯಿತು. ಅಮ್ಮ ಕಲಿಸಿದ್ದು, ನನ್ನ ಜೊತೆ ಜಗಳವಾಡಿದ್ದು, ಪ್ರೀತಿ ಮಾಡಿದ್ದು, ಎಲ್ಲ. ಉಳಿದದ್ದು ಚೀಟಿಯಿಂದ ಕಲಿತದ್ದು. ಆಸ್ಪತ್ರೆಯ ಡಾಕ್ಟರು ಚಿಕ್ಕ ವಯಸ್ಸಿನವರು, ಸಮಾಧಾನವಾಗಿ ವಿವರಿಸಿದರು. ತಲೆಯೊಳಗೆ ಹುಟ್ಟುಭಾಷೆಯ ಕೋಣೆಗೆ ಬೀಗ ಬಿದ್ದಿದೆಯಂತೆ, ಆಮೇಲೆ ಕಲಿತದ್ದರ ಕೋಣೆಯ ಬಾಗಿಲು ಒಂದಿಷ್ಟು ತೆರೆದುಕೊಂಡಿದೆಯಂತೆ, ಹೀಗಾಗುವುದುಂಟಂತೆ. "ಅದಕ್ಕೆ ಅರ್ಥ ಹುಡುಕೋಕೆ ಹೋಗ್ಬೇಡಿ ಅಮ್ಮ, ಬರೀ ಶಬ್ದ" ಎಂದರು.

ಬರೀ ಶಬ್ದವಾಗಿದ್ದರೆ ಅವನೇಕೆ ಕಾಯುತ್ತಿದ್ದ?

ಮನೆಗೆ ಕರೆತಂದ ಮೇಲೆ ಅವನು ಹೇಳಿದ್ದು ಒಂದೇ ವಾಕ್ಯ. ಉದ್ದನೆಯ ವಾಕ್ಯ. ಬಾಯಿಯ ಒಂದು ಕಡೆ ಇಳಿದುಹೋಗಿತ್ತಲ್ಲ, ಅಕ್ಷರಗಳೆಲ್ಲ ಆ ಕಡೆ ಜಾರಿ ಹೋಗುತ್ತಿದ್ದವು. ಆದರೂ ಕೊನೆಯಲ್ಲಿ ದನಿ ಮೇಲೇರುತ್ತಿತ್ತು. ಪ್ರಶ್ನೆ ಅದು. ಕೇಳಿ ಮುಗಿಸಿ ಕಾಯುತ್ತಿದ್ದ. ನಾನು ಚಹಾ ಕೊಟ್ಟೆ. ಬೆಡ್‌ಪ್ಯಾನ್ ಹಿಡಿದೆ. ದಿಂಬು ಎತ್ತರಿಸಿದೆ, ತಗ್ಗಿಸಿದೆ, ಪರದೆ ಎಳೆದೆ, ರೇಡಿಯೋ ಹಚ್ಚಿದೆ, ಕ್ಲಾವ್ದಿಯಾಳನ್ನು ಕೋಣೆಯಿಂದ ಹೊರಗೆ ಹಾಕಿದೆ. ಒಂದೊಂದಕ್ಕೂ ಅವನು ತಪ್ಪು ಕೌಂಟರಿನ ಮುಂದೆ ನಿಂತವನ ಹಾಗೆ ನನ್ನನ್ನು ಮರ್ಯಾದೆಯಿಂದ ನೋಡುತ್ತಿದ್ದ. ಸ್ವಲ್ಪ ಹೊತ್ತಿನ ಮೇಲೆ ಅದನ್ನೇ ಮೊದಲಿನಿಂದ ಕೇಳುತ್ತಿದ್ದ. ಬೇರೆಯವರಿದ್ದರೆ ತುಟಿ ಬಿಚ್ಚುತ್ತಿರಲಿಲ್ಲ. ನಾನೊಬ್ಬಳೇ ಇದ್ದಾಗ ಮಾತ್ರ. ಕೊನೆಯವರೆಗೂ ಹಾಗೆಯೇ, ನಾನು ತಲೆಯಾಡಿಸಿ 'ಹೂಂ ವೇನ್ಯ, ಹೌದು ವೇನ್ಯ' ಎನ್ನುತ್ತಿದ್ದೆ.

ಯಾರಾದರೂ ಬಲ್ಲವರ ಮುಂದೆ ಹೇಳಿ ಅರ್ಥ ಕೇಳಬಹುದಲ್ಲ ಎನ್ನುತ್ತೀ. ಮನಸ್ಸು ಒಪ್ಪಲಿಲ್ಲ. ಎಲ್ಲರ ಎದುರು ಮುಚ್ಚಿಟ್ಟು ನನ್ನೊಬ್ಬಳಿಗೆ ಕೇಳಿದ್ದನ್ನು ನಾನು ಬೀದಿಯಲ್ಲಿ ಬಿಚ್ಚಲೇ? ಅದರಲ್ಲಿ ನನ್ನ ಮೇಲಿನ ದೂರಿದ್ದರೆ? ಇನ್ನೊಬ್ಬಳ ಹೆಸರಿದ್ದರೆ? ಗಂಡನ ಕೊನೆಯ ಮಾತನ್ನು ದುಭಾಷಿಯ ಬಾಯಿಂದ ಕೇಳುವುದು, ಮದುವೆಯ ಮುತ್ತನ್ನು ಅಂಚೆಯಲ್ಲಿ ತರಿಸಿಕೊಂಡ ಹಾಗೆ. ನಾನೇ ಕಲಿತು ನನ್ನ ಕಿವಿಯಿಂದಲೇ ಅರ್ಥ ಮಾಡಿಕೊಳ್ಳುತ್ತೇನೆ. ನಿಘಂಟಿನಲ್ಲಿ ಹುಡುಕಲು ಆಗುವುದಿಲ್ಲ. ಇಂಗ್ಲಿಷಿನವರು ಬರೆಯುವುದೊಂದು, ಓದುವುದೊಂದು. ಕೇಳಿದ ಮಾತನ್ನು ಅವರ ನಿಘಂಟಿನಲ್ಲಿ ಹುಡುಕುವುದೆಂದರೆ ವಿಳಾಸವಿಲ್ಲದೆ ದೊಡ್ಡ ಊರಿನಲ್ಲಿ ನೆಂಟರ ಮನೆ ಹುಡುಕಿದ ಹಾಗೆ.

ಇನ್ನೊಂದು ವಿಷಯ, ಇದನ್ನು ಯಾರಿಗೂ ಹೇಳಬೇಡ. ಅವನು ಈಗಲೂ ಕೇಳುತ್ತಾನೆ. ಹೆದರಬೇಡ, ಗಲಾಟೆಯಿಲ್ಲ. ಬೆಳಿಗ್ಗೆ ನಾನು ಅಡುಗೆಮನೆಯಲ್ಲಿ ಬ್ರೆಡ್ಡು ಕೊಯ್ಯುತ್ತಿರುತ್ತೇನೆ, ಕೋಣೆಯಿಂದ ಆ ವಾಕ್ಯ ಬರುತ್ತದೆ, ಕೊನೆಯಲ್ಲಿ ದನಿ ಏರುತ್ತದೆ. ಆಮೇಲೆ ಆ ಕಾಯುವಿಕೆ. ಮಾತಿಗಿಂತ ಅದೇ ಹೆಚ್ಚು ಕೇಳಿಸುತ್ತದೆ ಕಣೇ. ಚಾಕು ಕೆಳಗಿಟ್ಟು "ಬಂದೆ ವೇನ್ಯ" ಎನ್ನುತ್ತೇನೆ. ಡಾಕ್ಟರಿಗೆ ಹೇಳಿದರೆ ಮಾತ್ರೆ ಕೊಟ್ಟಾರು. ನಾನು ಮಾತ್ರೆ ತಿಂದ ಮೇಲೆ ಅವನು ಕೇಳುವುದನ್ನೇ ನಿಲ್ಲಿಸಿಬಿಟ್ಟರೆ, ಕಲಿತ ಇಂಗ್ಲಿಷನ್ನು ನಾನು ಯಾರ ತಲೆಗೆ ಕಟ್ಟಲಿ?

ನಿನ್ನ ಕಿವಿಗೂ ಮೊಣಕಾಲಿಗೂ ಒಳ್ಳೆಯದಾಗಲಿ. ಮಕ್ಕಳಿಗೆ ಮುತ್ತು.

ನಿನ್ನ
ರಿಮ್ಮಾ


ಅರ್ಖಾಂಗೆಲ್ಸ್ಕ್
ಜನವರಿ 20, 2012

ಪ್ರೀತಿಯ ತೋಸ್ಯಾ,

ಕ್ರಿಸ್ಮಸ್ಸಿಗೆ ಮಾಡಿದ, ಜಿಂಕೆಯ ಆಕಾರದ ಕೋಜುಲಿ ಬಿಸ್ಕತ್ತು ಒಂದು ಡಬ್ಬಿ ಕಳಿಸಿದ್ದೇನೆ. ಜಿಂಕೆಯ ಕೊಂಬು ಮುರಿದಿದ್ದರೆ ಅಂಚೆಯವರನ್ನು ಬೈ, ಜಿಂಕೆ ಹಂದಿಯ ಹಾಗೆ ಕಂಡರೆ ನನ್ನನ್ನು ಬೈ. ತಡವಾದದ್ದಕ್ಕೆ ಈ ಸಲ ಕ್ಷಮೆ ಕೇಳುವುದಿಲ್ಲ, ಹೋಂವರ್ಕ್ ಇತ್ತು.

ನನ್ನ ವಿದ್ಯಾಭ್ಯಾಸದ ವರದಿ ಒಪ್ಪಿಸುತ್ತೇನೆ. ನಮ್ಮ ಮೇಷ್ಟ್ರು ಇನ್ನೊಕೆಂತಿ ಲ್ವೋವಿಚ್, ಬಂದರಿನಲ್ಲಿ ದುಭಾಷಿಯಾಗಿದ್ದವರು. ಎಪ್ಪತ್ತು ದಾಟಿದೆ, ಬೋ ಟೈ ಬಿಟ್ಟಿಲ್ಲ. ಚಿಕ್ಕ ಮಾತು ಇರುವ ಕಡೆ ಉದ್ದ ಮಾತು ಬಳಸದಿದ್ದರೆ ಅವರಿಗೆ ಉಂಡದ್ದು ಅರಗುವುದಿಲ್ಲ. ಸಹಪಾಠಿಗಳೆಲ್ಲ ನಮ್ಮ ವಯಸ್ಸಿನವರು, ಆದರೆ ಹಿಂದಿನ ಕಾಲದಲ್ಲಿ ಸಂಜೆ ತರಗತಿಗಳಲ್ಲಿ ಇಂಗ್ಲಿಷ್ ಕಲಿತವರು. ಜರ್ಮನ್ ಕಡೆಯಿಂದ ಬಂದವಳು ನಾನೊಬ್ಬಳೇ. ಮೊದಲ ದಿನ ನಾನು ಬಾಯಿ ತೆರೆದ ಕೂಡಲೇ ಮೇಷ್ಟ್ರು ಕಣ್ಣು ಮುಚ್ಚಿ ಕೇಳಿ, "ರಿಮ್ಮಾ ಪಾವ್ಲೊವ್ನಾ, ಲಂಡನ್ನಿನಲ್ಲಿ ನೀವು ದಾರಿ ಕೇಳಬೇಡಿ. ಗೂಢಚಾರಿಣಿ ಅಂತ ಹಿಡ್ಕೊಂಡು ಹೋಗ್ತಾರೆ" ಎಂದರು.

ಇಂಗ್ಲಿಷಿನಲ್ಲಿ ಒಂದು ಧ್ವನಿಗೆ ನಾಲಿಗೆಯನ್ನು ಹಲ್ಲುಗಳ ನಡುವೆ ಚಾಚಿ ಊದಬೇಕು. ಹಲ್ಲು ನಮ್ಮದೇ ಆಗಿದ್ದರೆ ಇದು ಸುಲಭ. ನನ್ನ ಮೇಲಿನ ಸೆಟ್ಟು ಎರಡನೇ ಪ್ರಯತ್ನಕ್ಕೇ ಹೊರಟು ಬಂದು, ಮುಂದಿನ ಬೆಂಚಿನ ನಿವೃತ್ತ ಕಸ್ಟಮ್ಸ್ ಅಧಿಕಾರಿಯ ಪುಸ್ತಕದ ಮೇಲೆ ಇಳಿಯಿತು. ಆತ ವೃತ್ತಿಧರ್ಮ ಮರೆಯದೆ ಅದನ್ನು ತಪಾಸಣೆ ಮಾಡಿ ಹಿಂದಿರುಗಿಸಿದ. ಇನ್ನೊಂದು ಧ್ವನಿಗೆ ತುಟಿಯನ್ನು ಶಿಳ್ಳೆ ಹಾಕುವವರ ಹಾಗೆ ಸುತ್ತಬೇಕು. ಮನೆಯಲ್ಲಿ ಅಭ್ಯಾಸ ಮಾಡುತ್ತಿದ್ದರೆ ಕ್ಲಾವ್ದಿಯಾ ಏದುಸಿರು ಬಿಡುತ್ತ ಮೇಲೆ ಬಂದು, ಮನೆಯೊಳಗೆ ಶಿಳ್ಳೆ ಹಾಕಿದರೆ ದುಡ್ಡು ಹಾರಿಹೋಗುತ್ತದೆಂದು ನಿನ್ನ ಅಮ್ಮ ಕಲಿಸಿಲ್ಲವೇ ಎಂದು ರೇಗಿದಳು. ಹಾರುವಷ್ಟು ದುಡ್ಡಿದ್ದರೆ ನಾನು ಕೆಮ್ಮಲೂ ಹೆದರುತ್ತಿದ್ದೆ ಎಂದೆ.

ಎಲ್ಲಕ್ಕಿಂತ ಅಪಾಯ ಬಂಧುಗಳ ವೇಷದಲ್ಲಿ ಬರುವ ಮಾತುಗಳು. ನಮ್ಮಲ್ಲಿ 'ಸಿಂಪತಿಚ್ನಿ' ಎಂದರೆ ನೋಡಲು ಲಕ್ಷಣವಾಗಿರುವವನು ತಾನೇ? ಅದೇ ಧೈರ್ಯದ ಮೇಲೆ ನಾನು ತುಂಬಿದ ತರಗತಿಯಲ್ಲಿ ಮೇಷ್ಟ್ರನ್ನು ನೀವು ಬಹಳ ಸಿಂಪಥೆಟಿಕ್ ಎಂದು ಹೊಗಳಿದೆ. ಇಂಗ್ಲಿಷಿನಲ್ಲಿ ಅದು ಪರರ ಕಷ್ಟಕ್ಕೆ ಮರುಗುವವನಂತೆ. ಅವರು ಬೋ ಟೈ ಸರಿಮಾಡಿಕೊಂಡು, ನಿಮ್ಮ ಉಚ್ಚಾರ ಕೇಳಿದವರು ಮರುಗದೆ ಇರುವುದು ಹೇಗೆ ಎಂದರು. ಹೆಸರೊಂದೇ, ಸ್ವಭಾವ ಬೇರೆ. ನಿನ್ನ ಇಬ್ಬರು ಅಳಿಯಂದಿರ ಹಾಗೆ.

ನಗು ಸಾಕು. ವೇನ್ಯನ ವಾಕ್ಯದೊಳಗೆ ನನಗೆ ಈಗ ಎರಡು ಮಾತು ಗೊತ್ತು ಹತ್ತಿವೆ. ಒಂದು ವಿಷಾದ. ಇನ್ನೊಂದು ತೊಂದರೆ. ಆ ವಿಷಾದ ಸಾದಾ ವಿಷಾದವಲ್ಲ, ಅದರ ಹಿಂದೆ ಉದ್ದನೆಯ ವಿಶೇಷಣವಿದೆ, ಅಪಾರವೋ ಅತೀವವೋ ಏನೋ. ಅಂದರೆ ಅವನು ಕ್ಷಮೆ ಕೇಳುತ್ತಿದ್ದ, ತೋಸ್ಯಾ. ಯಾವುದಕ್ಕೆ? ಅವನ ಪಾಪಗಳೆಲ್ಲವನ್ನೂ ಕೂತು ನೆನೆದೆ. ಬಸಿರು ನಿಲ್ಲದೆ ಇಳಿದುಹೋದ ಆ ವರ್ಷ ಆಸ್ಪತ್ರೆಗೆ ತಡವಾಗಿ ಬಂದದ್ದು. ನನ್ನ ಹೊಲಿಗೆ ಯಂತ್ರದ ಮೋಟಾರನ್ನು ಬಿಚ್ಚಿ ದೋಣಿಗೆ ಹಾಕಿದ್ದು. ಇವೆರಡಕ್ಕೂ ಅವನು ಆಗಲೇ ಕ್ಷಮೆ ಕೇಳಿದ್ದ, ರಷ್ಯನ್ ಭಾಷೆಯಲ್ಲಿ, ಅಳುತ್ತ. ಹಾಗಾದರೆ ನನಗೆ ಗೊತ್ತಿಲ್ಲದ್ದು ಯಾವುದೋ ಇದೆ. ನಾನು ಉತ್ತರ ಕೊಡದೆ ಇದ್ದದ್ದಕ್ಕೆ, ಕ್ಷಮಿಸಲಿಲ್ಲ ಎಂದುಕೊಂಡು ಹೋದನೇ?

ವಾಕ್ಯದ ಕೊನೆಯ ಮಾತಿನೊಳಗೆ ನಮ್ಮ 'ಒಕ್ಕುಪಾಂತ್' ಅಡಗಿರುವ ಹಾಗೆ ಕೇಳಿಸುತ್ತದೆ. ನಮ್ಮ ವಯಸ್ಸಿನವರಿಗೆ ಆ ಮಾತು ಕಿವಿಗೆ ಬಿದ್ದರೆ ಊರು ಆಕ್ರಮಿಸಿದ ಜರ್ಮನರಲ್ಲದೆ ಬೇರೆ ಯಾರು ನೆನಪಾಗುತ್ತಾರೆ? ಯುದ್ಧದ ಕಾಲದಲ್ಲಿ ಮನೆಯಲ್ಲಿ ಏನಾದರೂ ನಡೆದಿತ್ತೇ, ವೇನ್ಯ ಕೂಸಾಗಿದ್ದಾಗ, ಎಂದು ಕ್ಲಾವ್ದಿಯಾಳನ್ನು ಮೆಲ್ಲಗೆ ಕೇಳಿದೆ. "ಜರ್ಮನರು ನಮ್ಮೂರಿಗೆ ಬಂದೇ ಇಲ್ಲ ಕಣೇ" ಎಂದಳು. "ಬಂದಿದ್ರೆ ನೀನು ಶಾಲೇಲಿ ಕಲಿತದ್ದು ಉಪಯೋಗಕ್ಕಾದ್ರೂ ಬರ್ತಿತ್ತು."

ಆಮೇಲೆ ಅವಳಿಗೆ ಅನುಮಾನ ಬಂತು, ಇವಳು ಸತ್ತವನ ಜೊತೆ ಇಂಗ್ಲಿಷ್ ಮಾತಾಡುತ್ತಾಳೆ ಎಂದು. ಮರುದಿನವೇ ಪಾದ್ರಿಯನ್ನು ಕರೆತಂದು ಮನೆ ಮೂಲೆಮೂಲೆಗೂ ಪವಿತ್ರಜಲ ಚಿಮುಕಿಸಿದಳು. ನನ್ನ ಶಬ್ದದ ಚೀಟಿಗಳೆಲ್ಲ ಒದ್ದೆಯಾದವು, ಅವು ಈಗ ಹಗ್ಗದ ಮೇಲೆ ಒಣಗುತ್ತಿವೆ. ಪಾದ್ರಿ ಹೋದ ಮರುದಿನ ಬೆಳಿಗ್ಗೆ ಕೋಣೆಯಿಂದ ಅದೇ ವಾಕ್ಯ ಬಂತು. ಅದೇ ಮರ್ಯಾದೆ. ಅದೇ ಕಾಯುವಿಕೆ. ಪವಿತ್ರಜಲಕ್ಕೂ ಇಂಗ್ಲಿಷ್ ಬರುವುದಿಲ್ಲ.

ನಿನ್ನ ಮನೆ ಬೆಚ್ಚಗಿರಲಿ.

ರಿಮ್ಮಾ


ಅರ್ಖಾಂಗೆಲ್ಸ್ಕ್
ಮಾರ್ಚ್ 11, 2012

ನನ್ನ ಮುದ್ದು ತೋಸ್ಯಾ,

ಕ್ಷಮೆಯ ಭಾನುವಾರ ಕಳೆದು ಈಸ್ಟರಿಗೆ ಮುಂಚಿನ ಉಪವಾಸ ಶುರುವಾಗಿದೆ. ಆ ದಿನ ಎಲ್ಲರೂ ಎಲ್ಲರನ್ನೂ ಕ್ಷಮಿಸಲೇಬೇಕಾದ್ದರಿಂದ ನನ್ನ ಈ ಸಲದ ವಿಳಂಬವೂ ಅದರಲ್ಲೇ ಮಾಫಿಯಾಗಿದೆ ಎಂದು ತಿಳಿದಿದ್ದೇನೆ. ಇನ್ನು ನೀನು ಬೈದರೆ ಪಾಪ ನಿನಗೇ.

ವಾಕ್ಯ ತಿಳಿಯಿತು.

ಹೇಗೆಂದು ಹೇಳುತ್ತೇನೆ. ಅಂದು ತರಗತಿಯಲ್ಲಿ ಹಳೆಯ ಕಾಲದ ಮರ್ಯಾದೆಯ ಮಾತುಗಳ ಪಾಠ. ಇಂಗ್ಲಿಷಿನವರು ಕಾಲು ತುಳಿಸಿಕೊಂಡರೂ ತಾವೇ ಕ್ಷಮೆ ಕೇಳುತ್ತಾರಂತೆ, ಅದಕ್ಕೆ ಅವರಲ್ಲಿ ಎಷ್ಟೊಂದು ಬಗೆ ಇದೆಯೆಂದು ಮೇಷ್ಟ್ರು ವಿವರಿಸುತ್ತಿದ್ದರು. ಉದಾಹರಣೆಗೆಂದು ಎದ್ದು, ಗೂಟದಲ್ಲಿದ್ದ ಟೋಪಿ ತೆಗೆದು ತಲೆಗಿಟ್ಟು, ರೈಲಿನ ಡಬ್ಬಿಯೊಳಗೆ ಹೆಜ್ಜೆ ಇಡುವವರ ಹಾಗೆ ಬಂದು ಟೋಪಿ ಎತ್ತಿ, ವೇನ್ಯನ ವಾಕ್ಯವನ್ನು ಹೇಳಿದರು.

ಅದೇ ವಾಕ್ಯ. ಜಾರುವ ಬಾಯಿಲ್ಲದೆ, ಅಕ್ಷರ ಅಕ್ಷರ ನೆಟ್ಟಗೆ ನಿಂತ ವಾಕ್ಯ. ಕೊನೆಯಲ್ಲಿ ದನಿ ಅಲ್ಲೇ, ಅಷ್ಟೇ ಏರಿತು. ಮೇಷ್ಟ್ರು ಕಾದರು.

ಆಗ ಇಡೀ ತರಗತಿ ಉತ್ತರ ಹೇಳಿತು. ಯಾರೂ ಕೇಳಿರಲಿಲ್ಲ, ಯಾರೂ ಕೈ ಎತ್ತಿರಲಿಲ್ಲ. ಈಸ್ಟರ್ ದಿನ ಒಬ್ಬರು 'ಕ್ರಿಸ್ತ ಎದ್ದಿದ್ದಾನೆ' ಎಂದರೆ ಎದುರಿಗಿರುವವರ ಬಾಯಿಂದ 'ನಿಜವಾಗಿ ಎದ್ದಿದ್ದಾನೆ' ಎಂದು ತಾನೇ ತಾನಾಗಿ ಬರುತ್ತದಲ್ಲ, ಹಾಗೆ. ಕಸ್ಟಮ್ಸಿನವನು ಪೆನ್ನಿನ ಮುಚ್ಚಳ ಹಾಕುತ್ತಲೇ ಹೇಳಿದ. ನನ್ನ ಪಕ್ಕದವಳು ಕನ್ನಡಕ ಒರೆಸುತ್ತಲೇ ಹೇಳಿದಳು. ಮೇಷ್ಟ್ರು ಇನ್ನೊಂದು ವಾಕ್ಯ ಹೇಳಿ ತಲೆ ಬಾಗಿಸಿದರು, ಎಲ್ಲರೂ ನಕ್ಕರು, ಅಯ್ಯೋ, ಇನ್ನೂ ನೆನಪಿದೆಯಲ್ಲ ಎಂದುಕೊಂಡರು. ಸುಮ್ಮನಿದ್ದವಳು ನಾನೊಬ್ಬಳೇ.

ಅದೇನು ಹೇಳಿದಿರಿ ಎಂದು ಕೇಳಿದೆ. ಮೇಷ್ಟ್ರು ಅದನ್ನು ತಮ್ಮ ಉನ್ನತ ಶೈಲಿಯಲ್ಲೇ ಅನುವಾದಿಸಿ ಕೊಟ್ಟರು: 'ತಮಗೆ ತೊಂದರೆ ಕೊಡುತ್ತಿರುವುದಕ್ಕೆ ಅತೀವ ವಿಷಾದವಿದೆ, ತಮ್ಮ ಪಕ್ಕದ ಸ್ಥಳ ಒಂದು ವೇಳೆ ತೆರವಾಗಿದೆಯೇ?'

ಅಷ್ಟೇ, ತೋಸ್ಯಾ. ನನ್ನ 'ಒಕ್ಕುಪಾಂತ್' ಅವರ 'ಅನ್ಆಕ್ಯುಪೈಡ್' ಆಗಿತ್ತು, ಖಾಲಿ ಎಂದು. ಜರ್ಮನರಿಲ್ಲ, ಇನ್ನೊಬ್ಬಳಿಲ್ಲ, ಹೊಲಿಗೆ ಯಂತ್ರವಿಲ್ಲ. ಕೂರಲು ಜಾಗವಿದೆಯೇ ಎಂದು ಕೇಳುತ್ತಿದ್ದ.

ಹಿಂದೆ ವೇನ್ಯನೂ ಹೋಗುತ್ತಿದ್ದ ಊರಿನ ಸಂಜೆ ತರಗತಿಗಳಲ್ಲೆಲ್ಲ ಒಂದೇ ಪುಸ್ತಕ ನಡೆಯುತ್ತಿತ್ತಂತೆ, ಅದರಲ್ಲಿ ರೈಲಿನ ಸಂಭಾಷಣೆ ಒಂದು. ಇಬ್ಬರಿಬ್ಬರಾಗಿ ಬಾಯಿಪಾಠ ಮಾಡಿ ಒಪ್ಪಿಸಬೇಕು. ಒಬ್ಬರು 'ಎ', ಒಬ್ಬರು 'ಬಿ'. 'ಎ' ಜಾಗ ಕೇಳುತ್ತಾನೆ. 'ಬಿ' ಹೇಳುತ್ತಾನೆ: 'ಧಾರಾಳವಾಗಿ ಆಸೀನರಾಗಿ, ನನ್ನ ಚೀಲವನ್ನು ಈ ಕಡೆ ತೆಗೆದುಕೊಳ್ಳುತ್ತೇನೆ.' ಕೊನೆಗೆ 'ಎ': 'ಬಹಳ ಉಪಕಾರವಾಯಿತು, ನನ್ನಿಂದ ತಮಗೆ ಇಕ್ಕಟ್ಟಾಗಲಿಲ್ಲ ತಾನೇ?' ಅಷ್ಟಕ್ಕೆ ಸಂಭಾಷಣೆ ಮುಗಿಯಿತು.

'ಬಿ'ಯಾದವನು ಮರೆತರೆ ಏನು ಮಾಡುತ್ತಿದ್ದಿರಿ ಎಂದು ಕೇಳಿದೆ.

"ಮಾಡೋದೇನು, ಕಾಯೋದು" ಎಂದರು ಮೇಷ್ಟ್ರು. "'ಬಿ' ಹೇಳದೆ 'ಎ' ಮುಂದಕ್ಕೆ ಹೋಗೋ ಹಾಗಿಲ್ಲ ರಿಮ್ಮಾ ಪಾವ್ಲೊವ್ನಾ, ಅದು ಕಾನೂನು. ಮತ್ತೆ ಮೊದಲಿಂದ ಕೇಳ್ಬೇಕು."

ಗಂಟಲು ನೋವು ಎಂದು ಸುಳ್ಳು ಹೇಳಿ ಎದ್ದು ಬಂದೆ. ಬಸ್ಸು ಹತ್ತಿದರೆ ಹಿಂದಿನ ಸೀಟಿನಲ್ಲಿ ನಮ್ಮ ಹಾಗಿನವಳೇ ಒಬ್ಬಳು ಮುದುಕಿ, ಮೊಣಕಾಲಿಗೆ ಉಣ್ಣೆಯ ಪಟ್ಟಿ, ಪಕ್ಕದ ಜಾಗದಲ್ಲಿ ಕೋಸುಗೆಡ್ಡೆಯ ಚೀಲ. ಯಾಕೆ ಹಾಗೆ ಮಾಡಿದೆನೋ ತಿಳಿಯದು. ಅವಳ ಮುಂದೆ ನಿಂತು ವೇನ್ಯನ ವಾಕ್ಯವನ್ನು, ವೇನ್ಯನ ಹಾಗೆಯೇ, ಹೇಳಿದೆ. ಅವಳು ಕಿಟಕಿಯಿಂದ ಕಣ್ಣು ತೆಗೆಯಲಿಲ್ಲ. ಇಂಗ್ಲಿಷಿನಲ್ಲಿ 'ಧಾರಾಳವಾಗಿ ಆಸೀನರಾಗಿ' ಎಂದು ಪೂರ್ತಿ ಹೇಳಿ, ಕೋಸಿನ ಚೀಲವನ್ನು ತೊಡೆಯ ಮೇಲೆ ಎಳೆದುಕೊಂಡಳು. ಆಮೇಲೆ ಬೆಚ್ಚಿ ನನ್ನನ್ನು ನೋಡಿದಳು. "ಯಾರಮ್ಮಾ ನೀನು? ಯಾರ ಬ್ಯಾಚು?" ಎಂದು ಕೇಳಿದಳು. ನಾನು ಜರ್ಮನ್ ಬ್ಯಾಚು ಎಂದೆ. ಮನೆ ಬರುವ ತನಕ ಅವಳ ಪಕ್ಕದಲ್ಲಿ ಕೂತು ಬಂದೆ. ಅವಳು ಕೋಸಿನ ರೇಟು ಹೇಳಿದಳು, ನಾನು ತಲೆಯಾಡಿಸಿದೆ.

ಈ ಊರಿನಲ್ಲಿ ಯಾರನ್ನು ಕರೆದು ಮಂಚದ ಪಕ್ಕ ನಿಲ್ಲಿಸಿದ್ದರೂ ಅವನಿಗೆ ಉತ್ತರ ಸಿಗುತ್ತಿತ್ತು. ಬಸ್ಸಿನಲ್ಲಿ ಕೋಸು ಹೊತ್ತು ಹೋಗುವವಳಿಗೂ ಗೊತ್ತಿದ್ದ ಉತ್ತರ. ಅವನು ಕೇಳಿದ್ದು ಜರ್ಮನ್ ಕಲಿತವಳನ್ನು. ಆ ಚಿಕ್ಕ ಡಾಕ್ಟರು ಹೇಳಿದ್ದು ನಿಜವೇ ಇರಬಹುದು, ತಲೆಯೊಳಗೆ ಉಳಿದ ಪಾಠವೊಂದು ತಾನೇ ಉರುಳುತ್ತಿತ್ತು ಅಷ್ಟೇ. ಹಾಗೆಂದು ಮನಸ್ಸಿಗೆ ಹೇಳಿ ನೋಡಿದೆ. ಮನಸ್ಸು ಬೇರೆ ಮಾತಾಡಿತು. ನಮ್ಮಲ್ಲಿ ಯಾರಾದರೂ ದೂರ ಹೊರಟರೆ, ರೈಲು ತಪ್ಪಿದರೂ ಚಿಂತೆಯಿಲ್ಲ, ಮನೆಯವರೆಲ್ಲ ಒಂದು ಗಳಿಗೆ ಸುಮ್ಮನೆ ಕೂತೇ ಹೊರಡುವುದು ತಾನೇ? ಕೂರದೆ ಹೊರಟರೆ ದಾರಿ ಕೂಡಿಬರುವುದಿಲ್ಲ. ಅವನು ಎಂದಿನಿಂದ ಹೊರಟು ನಿಂತಿದ್ದನೋ. ಕೂರಲು ಜಾಗ ಕೇಳುತ್ತಿದ್ದ. ನಾನು ಬೆಡ್‌ಪ್ಯಾನ್ ಹಿಡಿದುಕೊಂಡು ಓಡಾಡುತ್ತಿದ್ದೆ.

ಮರುದಿನ ಬೆಳಿಗ್ಗೆ ಬ್ರೆಡ್ಡು ಕೊಯ್ಯುವ ಹೊತ್ತಿಗೆ ಕೇಳಿದ. ನಾನು ಚಾಕು ಕೆಳಗಿಟ್ಟು, ಕೈ ಒರೆಸಿಕೊಂಡು, ಕೋಣೆಗೆ ಹೋಗಿ ಮಂಚದ ಪಕ್ಕದ ಕುರ್ಚಿಯಲ್ಲಿ ಕೂತೆ. ಹಲ್ಲಿನ ಸೆಟ್ಟನ್ನು ಹೆಬ್ಬೆರಳಿಂದ ಒತ್ತಿ ಹಿಡಿದು 'ಬಿ'ಯ ಮಾತನ್ನು ತಪ್ಪಿಲ್ಲದೆ ಹೇಳಿದೆ. ಇನ್ನೊಕೆಂತಿ ಲ್ವೋವಿಚ್ ಕೇಳಿದ್ದರೆ ಮರುಗುತ್ತಿರಲಿಲ್ಲ. ಚೀಲ ಇರಲಿಲ್ಲ, ಅದರ ಬದಲು ಮಂಚದ ಮೇಲಿದ್ದ ಅವನ ಕೋಟನ್ನು ಈ ಕಡೆಗೆ ಎತ್ತಿಕೊಂಡೆ. 'ಎ'ಯ ಕೊನೆಯ ವಾಕ್ಯಕ್ಕಾಗಿ ಕಾದೆ. ಅವನು ಕಾದ ಹಾಗೆಯೇ, ಮರ್ಯಾದೆಯಿಂದ. ಕೆಳಗಡೆ ಕ್ಲಾವ್ದಿಯಾ ರೇಡಿಯೋ ಹಚ್ಚಿದಳು, ಆರಿಸಿದಳು.

ಏನೂ ಬರಲಿಲ್ಲ. ಅಂದಿನಿಂದ ಪ್ರಶ್ನೆಯೂ ಬಂದಿಲ್ಲ. ಬ್ರೆಡ್ಡು ಈಗ ಒಂದೇ ಸಮನೆ ಕೊಯ್ಯುತ್ತೇನೆ, ತೆಳ್ಳಗೆ, ನೀನು ಮೆಚ್ಚುವ ಹಾಗೆ. ಮನೆ ಬಹಳ ಸ್ವಚ್ಛವಾಗಿದೆ.

ವರ್ಗಕ್ಕೆ ಹೋಗುವುದು ಬಿಟ್ಟಿಲ್ಲ. ದುಡ್ಡು ಹಿಂದಕ್ಕೆ ಕೊಡುವುದಿಲ್ಲವಂತೆ, ಅಲ್ಲದೆ ಮೇಷ್ಟ್ರು ನನ್ನ ಉಚ್ಚಾರ ಈಗ ಜರ್ಮನಿಯ ಗಡಿ ದಾಟಿ ಹಾಲೆಂಡಿನ ತನಕ ಬಂದಿದೆ ಎಂದಿದ್ದಾರೆ.

ಉಪವಾಸದಲ್ಲಿ ನಿನ್ನ ಹೊಟ್ಟೆ ತಣ್ಣಗಿರಲಿ, ಈಸ್ಟರಿಗೆ ಬಣ್ಣಕ್ಕೆ ಹಾಕಿದ ಮೊಟ್ಟೆ ಒಡೆಯದೆ ಕೆಂಪಾಗಲಿ, ನಿನ್ನ ಬಾಗಿಲಿಗೆ ಬಂದವರು ಯಾರೂ ನಿಂತುಕೊಂಡೇ ಹಿಂದಿರುಗದಿರಲಿ. ದೇವರು ನಿನ್ನನ್ನು ಕಾಯಲಿ.

ಎಂದಿಗೂ ನಿನ್ನವಳು
ರಿಮ್ಮಾ

ಕೊನೆಗೆ ಬಿಟ್ಟ ಮಾತು: ಇದನ್ನು ಮರೆತದ್ದಲ್ಲ. ಸಹಿಯ ಕೆಳಗೆ ಬರೆದರೆ ಕಾಗದದೊಳಗೆ ಬರೆದ ಹಾಗಾಗುವುದಿಲ್ಲ ಎಂದು ಇಲ್ಲಿಗೆ ತಳ್ಳಿದೆ. 'ಎ'ಯ ಕೊನೆಯ ವಾಕ್ಯವನ್ನು ಮೇಷ್ಟ್ರ ಬಾಯಲ್ಲಿ ಕೇಳಿದಾಗ ಅದು ನನಗೆ ಹೊಸದಾಗಿರಲಿಲ್ಲ. ವೇನ್ಯ ಅದನ್ನು ಒಂದೇ ಒಂದು ಸಲ ಹೇಳಿದ್ದ, ತೀರಿಕೊಂಡ ದಿನ ಬೆಳಿಗ್ಗೆ. ನಾನು ಪಕ್ಕದಲ್ಲಿ ಕೂತು ಆಲೂಗಡ್ಡೆ ಸುಲಿಯುತ್ತಿದ್ದೆ. ಅವನು ಎಂದಿನಂತೆ ಪ್ರಶ್ನೆ ಕೇಳಿದ. ಇದೊಂದು ಆಲೂಗಡ್ಡೆ ಮುಗಿಸುತ್ತೇನೆ ಇರು ವೇನ್ಯ ಎಂದೆ. ತಲೆ ಎತ್ತಿ ನೋಡಿದರೆ ಅವನು ನನ್ನ ಕಡೆ ತಿರುಗಿರಲಿಲ್ಲ. ಮಂಚದ ಆಚೆ, ಏನೂ ಇಲ್ಲದ ಕಡೆ, ಕಿಟಕಿಯತ್ತ ನೋಡಿ ಕಾಯುತ್ತಿದ್ದ. ಆಮೇಲೆ ಅವನ ಮುಖ ಅರಳಿತು. ಆ ವಾಕ್ಯ ಹೇಳಿದ. ಸ್ವಾಧೀನವಿದ್ದ ಕೈಯಿಂದ ಹೊದಿಕೆ ಒತ್ತಿಕೊಂಡು, ಪಕ್ಕದವರಿಗೆ ತಗುಲದ ಹಾಗೆ ಮೈ ಕುಗ್ಗಿಸಿ, ಅತ್ತ ಸರಿದು ಹಗುರಾದ. ಇವತ್ತು ಕೇಳುವುದು ನಿಲ್ಲಿಸಿದ, ಗುಣವಾಗುತ್ತಿದ್ದಾನೆ ಎಂದುಕೊಂಡು ನಾನು ಖುಷಿಯಿಂದ ಅಡುಗೆಮನೆಗೆ ಹೋದೆ.

'ಬಿ' ಹೇಳದೆ 'ಎ' ಮುಂದಕ್ಕೆ ಹೋಗುವ ಹಾಗಿಲ್ಲ, ತೋಸ್ಯಾ. ಕೋಣೆಯಲ್ಲಿದ್ದವಳು ನಾನೊಬ್ಬಳು. ನಾನು ಹೇಳಲಿಲ್ಲ.